ನಾಯಿತುಳಸಿ ಎಂಬ ಹೆಸರು

ಅರಸೀಕೆರೆ
12 ಆಗಸ್ಟ್ 2024

ಆಶ್ರಿತಾ,

ನಾನು ಕ್ಷೇಮವಾಗಿಲ್ಲ, ನಿನ್ನ ಕ್ಷೇಮ ಕೇಳುವ ಮನಸ್ಸೂ ಇಲ್ಲ. ಫೋನು ಮಾಡಿದರೆ ನೀನು ನಡುವೆ ಅಳುತ್ತೀಯ, ಕೊನೆಗೆ ನಾನೇ ಸಮಾಧಾನ ಮಾಡಬೇಕಾಗುತ್ತದೆ. ವಾಟ್ಸಾಪಿನಲ್ಲಿ ಬರೆದದ್ದನ್ನು ಅಳಿಸಿಬಿಡಬಹುದು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನೀನೂ ಕಾಗದದಲ್ಲೇ ಉತ್ತರ ಕೊಡು.

ಹಳೇಬೀಡಿನ ಶಾಲೆಯಲ್ಲಿ ನೀನು ಪಾಠ ಮಾಡುವ ಒಂಬತ್ತನೇ ತರಗತಿಯಲ್ಲಿ ಹೇಮಲತಾ ಎಂಬ ಹುಡುಗಿ ಇದ್ದಾಳೆ. ನನ್ನ ಅಣ್ಣ ಧರ್ಮೇಶನ ಮಗಳು. ನಾವು ಹಾಸನದಲ್ಲಿ ಬಿ.ಎ. ಓದುವಾಗ ನೀನು ಹುಲಿಕೆರೆಯ ನಮ್ಮ ಮನೆಗೆ ಬಂದಿದ್ದೆ, ಆಗ ಅವಳು ನಿನ್ನ ದುಪಟ್ಟಾ ಹೊದ್ದುಕೊಂಡು ಮನೆ ತುಂಬಾ ಓಡಾಡಿದ್ದಳು. ಆ ಹುಡುಗಿ ಈಗ ಶಾಲೆಗೆ ಹೋಗುತ್ತಿಲ್ಲ. ಎರಡನೇ ವಾರ ನಡೆಯುತ್ತಿದೆ. ಜ್ವರ ಎಂದು ಅತ್ತಿಗೆ ನಿಮ್ಮ ಶಾಲೆಗೆ ಹೇಳಿ ಕಳಿಸಿದ್ದಾಳೆ. ಜ್ವರ ಇಲ್ಲ.

ಭಾನುವಾರ ಊರಿಗೆ ಹೋಗಿದ್ದೆ. ಮುಖ ಗೋಡೆಗೆ ಮಾಡಿ ಮಲಗಿದ್ದಳು. ಪಕ್ಕದಲ್ಲಿ ಕುಳಿತು ಕೇಳಿದ ಮೇಲೆ ಬಾಯಿ ಬಿಟ್ಟಳು. ಮನೆಯಿಂದ ಒಂದೊಂದು ಪರಿಮಳದ ಎಲೆ ತನ್ನಿ, ಅದರ ಹೆಸರು ಎಲ್ಲಿಂದ ಬಂತೆಂದು ಹೇಳುತ್ತೇನೆ ಎಂದೆಯಂತೆ. ಒಬ್ಬ ಕರಿಬೇವು ತಂದ, ಒಬ್ಬಳು ದೊಡ್ಡಪತ್ರೆ ತಂದಳು. ಹೇಮಿ ನಮ್ಮ ಮನೆ ಮುಂದಿನ ಗಿಡದಿಂದ ಒಂದು ಕುಡಿ ತಂದಳು. ಆ ಗಿಡ ನನ್ನ ಅವ್ವ ಲಕ್ಕಮ್ಮ ಹಾಕಿದ್ದು. ಒಣಗಿದ ಕಡ್ಡಿ ಸುಟ್ಟರೆ ಸೊಳ್ಳೆ ಬರುವುದಿಲ್ಲ ಎಂದು ಹಾಕಿದಳು. ನಾವು ಅದನ್ನು ತುಳಸಿ ಎಂದೇ ಕರೆಯುತ್ತೇವೆ. ನೀನು ಅದನ್ನು ಕೈಯಲ್ಲಿ ಎತ್ತಿ ಹಿಡಿದು ಹೇಳಿದೆ: "ಇದು ತುಳಸಿ ಅಲ್ಲ, ನಾಯಿತುಳಸಿ. ಪೂಜೆಗೆ ಬರಲ್ಲ."

ಆವತ್ತಿನಿಂದ ಅವಳ ಹೆಸರು ಅದೇ. ಬಸ್ತಿಹಳ್ಳಿ ತಿರುವಿನಲ್ಲಿ ಹುಡುಗರು ಅವಳನ್ನು ಕಂಡರೆ ಬೊಗಳುತ್ತಾರೆ. ಮಧುಕುಮಾರ್ ಎಂಬವನು ಅವಳ ಬೆಂಚನ್ನು ಮೂಸಿ ನೋಡಿ ಮೂಗು ಮುಚ್ಚಿಕೊಂಡನಂತೆ.

ಹೆಸರು ಇಡುವುದು ಸಣ್ಣ ಕೆಲಸ ಅಲ್ಲ ಆಶ್ರಿತಾ. ಹೆಸರಿಡುವ ಹಕ್ಕು ಯಾರ ಬಾಯಲ್ಲಿತ್ತೋ ಅವರೇ ಯಾರು ಒಳಗೆ, ಯಾರು ಹೊರಗೆ ಎಂದು ತೀರ್ಮಾನ ಮಾಡಿದರು. ಇದನ್ನು ನಾನು ಬುದ್ಧ ವಿಹಾರದ ಮೆಟ್ಟಿಲ ಮೇಲೆ ಮಾರುವ ಕಿರುಹೊತ್ತಿಗೆಗಳಲ್ಲಿ ಓದಿ ಕಲಿತೆ, ನಿನ್ನ ಹಾಗೆ ಎಂ.ಎ. ಮಾಡಿ ಅಲ್ಲ. ಗಿಡಗಳ ಹೆಸರಲ್ಲೂ ನಮ್ಮ ಕಥೆಯೇ ಇದೆ. ಮರುಗ ಎಂದರೆ ಮರುಗಿದವರ ಗಿಡ. ದವನ ಎಂದರೆ ದಮನಕ್ಕೆ ಒಳಗಾದವರ ಗಿಡ. ಎರಡನ್ನೂ ಕಿತ್ತು ಹಾರಕ್ಕೆ ಕಟ್ಟುತ್ತೀರಿ.

ನನ್ನ ಬೇಡಿಕೆ ಒಂದೇ. ಅದೇ ತರಗತಿಯಲ್ಲಿ, ಅದೇ ಹುಡುಗರ ಮುಂದೆ ನಿಂತು, ನಾನು ಹೇಳಿದ್ದು ತಪ್ಪು ಎಂದು ಹೇಳು. ಹೇಮಿ ಅದನ್ನು ಕೇಳಬೇಕು. ಅಲ್ಲಿಯವರೆಗೆ ಅವಳು ಬರುವುದಿಲ್ಲ.

ಮಾಲಿನಿ


ಬೇಲೂರು
20 ಆಗಸ್ಟ್ 2024

ಪ್ರೀತಿಯ ಮಾಲಿನಿ,

ನಿನ್ನ ಕಾಗದ ಕೈಗೆ ಬಂದಾಗ ಅಪ್ಪ ದೇವಸ್ಥಾನದಿಂದ ಬಂದು ಊಟಕ್ಕೆ ಕುಳಿತಿದ್ದರು. ಯಾರದೆಂದು ಕೇಳಿದರು. ನಿನ್ನದೆಂದೆ. ಬಹಳ ದಿನ ಆಯಿತಲ್ಲ, ಚೆನ್ನಾಗಿದ್ದಾಳಾ ಎಂದರು. ಹೂಂ ಎಂದೆ.

ಹುಡುಗರು ಮಾಡಿದ್ದು ನೀಚತನ. ಮಧುಕುಮಾರನನ್ನು ಸ್ಟಾಫ್ ರೂಮಿಗೆ ಕರೆದು ಬೈದಿದ್ದೇನೆ. ಆದರೆ ನೀನು ಪದದ ಮೇಲೆ ಹರಿಹಾಯುತ್ತಿರುವುದರಲ್ಲಿ ಅರ್ಥವಿಲ್ಲ. ನಾಯಿ ಎಂಬುದು ಇಲ್ಲಿ ಬೈಗುಳವಲ್ಲ. ನೆಟ್ಟು ಬೆಳೆಸದೆ ತಾನೇ ಹುಟ್ಟಿದ್ದಕ್ಕೆ, ಬಳಕೆಯದನ್ನು ಹೋಲಿದರೂ ಅದಲ್ಲದ್ದಕ್ಕೆ ಕನ್ನಡದಲ್ಲಿ ಹಾಗೆ ಸೇರಿಸುತ್ತಾರೆ. ನಾಯಿಕೊಡೆ ಇದೆ, ನಾಯಿಸಾಸಿವೆ ಇದೆ. ಗಿಡದ ಹೆಸರಿಗೂ ಮನುಷ್ಯರಿಗೂ ಸಂಬಂಧ ಕಟ್ಟಿದರೆ ಯಾವ ಹೆಸರೂ ಉಳಿಯುವುದಿಲ್ಲ. ಇಂಗ್ಲಿಷಿನವರು ಕೊತ್ತಂಬರಿಗೆ ಕೊರಿಯಾಂಡರ್ ಎನ್ನುತ್ತಾರಲ್ಲ, ಅದರ ಗ್ರೀಕ್ ಮೂಲದಲ್ಲಿ ತಿಗಣೆಯ ಹೆಸರಿದೆ ಎಂದು ಹೇಳುತ್ತಾರೆ, ಹಸಿ ಎಲೆಯ ವಾಸನೆಯ ಕಾರಣಕ್ಕೆ. ಯಾರಾದರೂ ಅತ್ತರೇ?

ಇನ್ನೊಂದು. ಮರುಗಕ್ಕೂ ಮರುಗುವುದಕ್ಕೂ ಏನೂ ನಂಟಿಲ್ಲ. ಗಿಡದ ಹೆಸರು ಸಂಸ್ಕೃತದ ಮರುವಕದಿಂದ ಬಂದದ್ದು, ಮರುಗು ಎಂಬುದು ಅಚ್ಚಗನ್ನಡದ ಕ್ರಿಯಾಪದ. ದವನ ದಮನಕದಿಂದ ಬಂತು ಎಂಬುದು ಸರಿ, ಆದರೆ ದಮನಕ ಎಂದರೆ ದಮನ ಮಾಡುವಂಥದ್ದು, ಮಾಡಿಸಿಕೊಂಡದ್ದಲ್ಲ. ಕೋಪದಲ್ಲಿ ನಿಘಂಟನ್ನು ತಿರುಚಬಾರದು. ಕಾಲೇಜಿನ ಲೈಬ್ರರಿಯಲ್ಲಿ ನಾವಿಬ್ಬರೂ ಕುಳಿತು ಆಡುತ್ತಿದ್ದ ಆಟವನ್ನೇ ನಾನು ಮಕ್ಕಳಿಗೆ ಆಡಿಸಿದೆ. ಕಾಮಕಸ್ತೂರಿಯ ಇಂಗ್ಲಿಷ್ ಹೆಸರು ಬೇಸಿಲ್ ಎಂದರೆ ಗ್ರೀಕಿನಲ್ಲಿ ಅರಸನದು ಎಂದು ನೀನು ಕಂಡುಹಿಡಿದ ದಿನ ಎಷ್ಟು ಕುಣಿದಾಡಿದ್ದೆ, ನೆನಪಿದೆಯಾ? ನಾಯಿತುಳಸಿ ಅದೇ ಬಳಗದ ಗಿಡ. ಹೇಮಲತಾಗೆ ಅದನ್ನು ಹೇಳಿ ಕಳಿಸು.

ನಿನ್ನ,
ಆಶ್ರಿತಾ


ಅರಸೀಕೆರೆ
25 ಆಗಸ್ಟ್ 2024

ಆಶ್ರಿತಾ,

ನಿನ್ನ ಕಾಗದವನ್ನು ಕೊಬ್ಬರಿ ಮಂಡಿಯಲ್ಲಿ, ಬಿಲ್ಲು ಟೈಪು ಮಾಡುವ ಮೇಜಿನ ಮೇಲಿಟ್ಟುಕೊಂಡು ಓದಿದೆ. ಓದಿ ಮುಗಿಸುವಷ್ಟರಲ್ಲಿ ಒಂದು ಪಾರ್ಟಿಯ ಹೆಸರನ್ನೇ ತಪ್ಪು ಹೊಡೆದೆ. ಆತ ಜಗಳಕ್ಕೆ ಬಂದ. ನೋಡು, ಕೊಬ್ಬರಿ ಮಾರುವವನಿಗೂ ತನ್ನ ಹೆಸರು ಒಂದಕ್ಷರ ತಪ್ಪಿದರೆ ಸಿಟ್ಟು ಬರುತ್ತದೆ.

ಮರುಗದ ವಿಷಯ ಒಪ್ಪಿದೆ. ನಿಘಂಟು ನಿಮ್ಮ ಮನೆಯ ಕಪಾಟಿನಲ್ಲಿದೆ, ನನ್ನದು ಎರಡು ಮಡಿಕೆಯ ಹೊತ್ತಿಗೆ. ತಪ್ಪು ನನ್ನದೇ ಇರಲಿ. ಆದರೆ ಕೊತ್ತಂಬರಿ ಹಿಡಿದುಕೊಂಡು ಶಾಲೆಗೆ ಹೋದ ಯಾವ ಮಗುವನ್ನೂ ತಿಗಣೆ ಎಂದು ಯಾರೂ ಕೂಗಲಿಲ್ಲ. ಗ್ರೀಸಿನಲ್ಲಿ ಕೊತ್ತಂಬರಿ ಬೆಳೆಯುವವರನ್ನು ಊರ ಹೊರಗೆ ಇಟ್ಟಿರಲಿಲ್ಲ. ನಮ್ಮಲ್ಲಿ ನಾಯಿ ಎಂಬುದು ಬರೀ ವ್ಯಾಕರಣ ಅಲ್ಲ. ನನ್ನ ಅಪ್ಪ ಜವರಪ್ಪ ಹುಡುಗನಾಗಿದ್ದಾಗ ನಾಯಿ ಹೋಗಬಹುದಾದ ಜಗಲಿಗೆ ಹೋಗುವ ಹಾಗಿರಲಿಲ್ಲ. ನಿನಗೆ ಇದು ಉಪಪದ, ನಮಗೆ ಅದು ವಿಳಾಸ.

ಪುದೀನ ಪಾರಸಿಯಿಂದ ಬಂತು. ಬಂದ ಸೊಪ್ಪಿಗೆ ಅದರ ಹೆಸರನ್ನೇ ಉಳಿಸಿ ಮರ್ಯಾದೆ ಕೊಟ್ಟಿರಿ. ಇಲ್ಲೇ ನಮ್ಮ ಬಾಗಿಲಲ್ಲಿ ಹುಟ್ಟಿದ ಗಿಡಕ್ಕೆ ನಾಯಿ. ಅದರ ಬಳಗದ ಕಾಮಕಸ್ತೂರಿಗೆ ಸಂಸ್ಕೃತದಲ್ಲಿ ಬರ್ಬರಿ ಎಂದಿದ್ದಾರೆ. ಇದನ್ನು ನೀನೇ ನನಗೆ ಹೇಳಿಕೊಟ್ಟಿದ್ದು, ಆದರೆ ಕಾಗದದಲ್ಲಿ ಬರೆಯಲು ಮರೆತೆ. ಗ್ರೀಕರು ಅರಸ ಎಂದದ್ದು ಮಾತ್ರ ನೆನಪಾಯಿತು, ಇಲ್ಲಿಯವರು ಅನಾಗರಿಕ ಎಂದದ್ದು ಮರೆತುಹೋಯಿತು.

ಮೊನ್ನೆ ಮತ್ತೆ ಊರಿಗೆ ಹೋಗಿದ್ದೆ. ನಿನ್ನ ಕಾಗದವನ್ನು ಹೇಮಿಗೆ ಓದಿ ಹೇಳಿದೆ. ನಾಯಿಕೊಡೆ, ನಾಯಿಸಾಸಿವೆ ಎಲ್ಲ ಕೇಳಿಸಿಕೊಂಡಳು. ಆಮೇಲೆ ಮೊದಲು ಹೇಳದೆ ಬಿಟ್ಟ ಒಂದು ಮಾತು ಹೇಳಿದಳು. ನೀನು ನಾಯಿತುಳಸಿ ಎಂದ ಕೂಡಲೇ ಆ ಮಧುಕುಮಾರ್ ಹಿಂದಿನ ಬೆಂಚಿನಿಂದ, "ಅವ್ರ ಕೇರಿನಾಗೆ ತುಳಸಿನೂ ಅಂಗೇಯ ಮಿಸ್" ಎಂದ. ತರಗತಿ ನಕ್ಕಿತು.

ನೀನೂ ನಕ್ಕೆ.

ಇದಕ್ಕೆ ಯಾವ ಧಾತು ಹೇಳುತ್ತೀಯ?

ಮಾಲಿನಿ


ಬೇಲೂರು
9 ಸೆಪ್ಟೆಂಬರ್ 2024

ಮಾಲಿನಿ,

ನಾನು ನಕ್ಕೆನೋ ಇಲ್ಲವೋ ನನಗೆ ನೆನಪಿಲ್ಲ. ಇಡೀ ತರಗತಿ ನಕ್ಕಾಗ ಟೀಚರ ಮುಖದ ಮೇಲೂ ಏನೋ ಒಂದು ಬಂದು ಹೋಗುತ್ತದೆ. ಅದು ನಗುವೇ ಎಂದು ಹೇಗೆ ಹೇಳುವುದು?

ಹೆಡ್ ಮಾಸ್ಟರ್ ಷಡಕ್ಷರಪ್ಪನವರಿಗೆ ವಿಷಯ ಮುಟ್ಟಿದೆ. ಯಾವುದನ್ನೂ ತರಗತಿಯಲ್ಲಿ ಎತ್ತಬೇಡಿ, ಎತ್ತಿದರೆ ಮೇಲಿನವರೆಗೆ ಹೋಗುತ್ತದೆ ಎಂದಿದ್ದಾರೆ. ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ, ನಿನಗೆ ಗೊತ್ತು. ಹುಡುಗಿಯನ್ನು ಕಳಿಸಿಬಿಡು. ನಾನು ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ. ಮಕ್ಕಳು ಬೇಗ ಮರೆಯುತ್ತಾರೆ.

ಆಶ್ರಿತಾ


ಅರಸೀಕೆರೆ
16 ಸೆಪ್ಟೆಂಬರ್ 2024

ಆಶ್ರಿತಾ,

ಠಾಣೆಗೆ ಹೋಗಬಹುದಿತ್ತು. ಅಣ್ಣ ಬೇಡವೆಂದ. ಅದಕ್ಕೇ ನನ್ನ ಕೈಲಾದದ್ದನ್ನು ಮಾಡಿದ್ದೇನೆ. ಕರಪತ್ರ ಅಚ್ಚು ಹಾಕಿಸಿದ್ದೇನೆ, ಒಂದು ಪ್ರತಿ ಇದರೊಳಗಿದೆ. ಉಳಿದವನ್ನು ನಾಳೆಯಿಂದ ಹಳೇಬೀಡಿನಲ್ಲಿ, ಹಗರೆಯಲ್ಲಿ, ನಿಮ್ಮ ಬೇಲೂರಿನ ಬಸ್ ಸ್ಟ್ಯಾಂಡಿನಲ್ಲಿ ಹಂಚುತ್ತೇನೆ. ನಿಘಂಟಿನ ತಪ್ಪಿದ್ದರೆ ತಿದ್ದಿ ಕಳಿಸು.

"ನಾಯಿತುಳಸಿ ಎಂದವರು ಯಾರು? ಗ್ರೀಕರು ಅರಸನ ಗಿಡ ಎಂದರು. ಪಂಡಿತರು ಬರ್ಬರಿ ಎಂದರು. ಹಳೇಬೀಡಿನ ಒಂದು ಶಾಲೆಯಲ್ಲಿ ಟೀಚರೊಬ್ಬರು ಅದೇ ಕುಲದ ಗಿಡವನ್ನು ನಾಯಿ ಎಂದರು. ಅದನ್ನು ಕೈಯಲ್ಲಿ ಹಿಡಿದು ತಂದ ಹುಲಿಕೆರೆಯ ಒಂಬತ್ತನೇ ತರಗತಿಯ ಹುಡುಗಿ ಈಗ ಶಾಲೆ ಬಿಟ್ಟಿದ್ದಾಳೆ. ಬಂಧುಗಳೇ, ಗಿಡಕ್ಕೆ ಕುಲ ಕಟ್ಟಿದವರೇ ನಮಗೂ ಕಟ್ಟಿದರು. ಎದ್ದು ಕೇಳಿ."

ಮಾಲಿನಿ


ಹುಲಿಕೆರೆ
30 ಸೆಪ್ಟೆಂಬರ್ 2024

ಮಾಲಿನಿಗೆ ಅಣ್ಣನ ಆಶೀರ್ವಾದ.

ಫೋನು ಮಾಡಿದರೆ ಎತ್ತುತ್ತಿಲ್ಲ. ನೀವೆಲ್ಲ ಕಾಗದದಲ್ಲೇ ಜಗಳ ಆಡುತ್ತಿದ್ದೀರಂತೆ, ನಾನೂ ಬರೆದು ನೋಡುತ್ತೇನೆ.

ನಿನ್ನ ಕರಪತ್ರ ಚೆನ್ನಾಗಿದೆ. ಚೆನ್ನಾಗಿರುವುದೇ ಕಷ್ಟ ತಂದಿದೆ. ಮೊದಲು ಆ ಹೆಸರು ಒಂದು ತರಗತಿಯಲ್ಲಿತ್ತು. ಈಗ ಹಗರೆಗೆ ನಮ್ಮ ಡೈರಿಯ ಹಾಲಿನ ಲೆಕ್ಕ ಕೊಡಲು ಹೋದರೆ ಅಲ್ಲಿ ಕ್ಯಾನು ಇಳಿಸುವವನು ಕೇಳುತ್ತಾನೆ, "ನಾಯಿತುಳಸಿ ಅಂದ್ರಲ್ಲ, ಅದು ನಿಮ್ಮ ಮಗೀನಾ ಧರ್ಮಣ್ಣ?" ಅವನು ಪಾಪ ಮರುಕದಿಂದಲೇ ಕೇಳಿದ. ಬಸ್ಸಿನ ಕಂಡಕ್ಟರಿಗೂ ಗೊತ್ತು. ನೀನು ಅವಳ ಹೆಸರು ಹಾಕಲಿಲ್ಲ, ಸರಿ. ಹುಲಿಕೆರೆಯಿಂದ ಒಂಬತ್ತನೇ ತರಗತಿಗೆ ಹೋಗುವ ಹುಡುಗಿಯರು ನಮ್ಮ ಕಡೆಯವರು ಎಷ್ಟು ಜನ ಇದ್ದಾರೆ? ಇರುವವಳು ಅವಳೊಬ್ಬಳೇ.

ಕರಪತ್ರ ಓದಿ ಬೇಲೂರಿನಿಂದ ದಲಿತ ಸಂಘಟನೆಯವರು ಮೂವರು ಬಂದಿದ್ದರು. ಒಳ್ಳೆಯವರು. ಹುಡುಗಿಯನ್ನು ಕರೆಯಿರಿ, ಗಿಡದ ಪಕ್ಕ ನಿಲ್ಲಿಸಿ ಒಂದು ಫೋಟೋ ತೆಗೆಯುತ್ತೇವೆ ಎಂದರು. ಹೇಮಿ ಹೊರಗೆ ಬಂದಳು. ಅವರ ಮುಂದೆಯೇ ಆ ಗಿಡವನ್ನು ಬೇರು ಸಮೇತ ಕಿತ್ತು ಚರಂಡಿಗೆ ಎಸೆದು ಒಳಗೆ ಹೋದಳು. ಅವ್ವ ಗಟ್ಟಿಯಾಗಿ ಅಳುತ್ತಿದ್ದಳು. ನಾನು ಬಂದವರಿಗೆ ಕಾಫಿ ಕೊಡಿಸಿ ಕಳಿಸಿದೆ.

ನಿನ್ನ ಸಿಟ್ಟು ಸುಳ್ಳೆಂದು ನಾನು ಹೇಳುವುದಿಲ್ಲ. ನನಗೂ ಸಿಟ್ಟು ಐತೆ ಕಣವ್ವ. ಆದರೆ ಒಂದು ಸಲ ಅವಳ ಹತ್ತಿರ ಕೇಳಿ ಅಚ್ಚು ಹಾಕಿಸಿದ್ದರೆ ಆಗುತ್ತಿತ್ತು.

ಧರ್ಮೇಶ್


ಅರಸೀಕೆರೆ
5 ಅಕ್ಟೋಬರ್ 2024

ಹೇಮಿ,

ನಿಮ್ಮಪ್ಪನ ಕಾಗದ ಬಂತು. ನೀನು ಗಿಡ ಕಿತ್ತದ್ದು ಅವರಿಗೆ ಸೋತ ಹಾಗೆ. ಅದನ್ನು ಬಾಗಿಲಲ್ಲೇ ಬಿಟ್ಟು ತಲೆ ಎತ್ತಿ ನಿಲ್ಲಬೇಕಿತ್ತು. ನಾಚಬೇಕಾದವಳು ನೀನಲ್ಲ. ಹೆಸರನ್ನು ಮುಚ್ಚಿಟ್ಟರೆ ಅದು ಅವರ ಕೈಯಲ್ಲೇ ಉಳಿಯುತ್ತದೆ, ನಾವೇ ಎತ್ತಿ ಕೂಗಿದರೆ ಅದರ ಹಲ್ಲು ಉದುರುತ್ತದೆ ಎಂದು ನಾನು ನಂಬಿದ್ದೇನೆ. ಹೌದು, ನಾನು ಅರಸನ ಗಿಡ, ಏನೀಗ ಎಂದು ಕೇಳು. ನಿನ್ನ ವಯಸ್ಸಿನಲ್ಲಿ ನನಗೆ ಹೀಗೆ ಹೇಳಿಕೊಡುವವರು ಯಾರೂ ಇರಲಿಲ್ಲ.

ಹೋರಾಟ ನಿನ್ನೊಬ್ಬಳದಲ್ಲ. ನಿನ್ನ ಹಿಂದೆ ಬರುವ ಮಕ್ಕಳದೂ ಹೌದು. ದಸರಾ ರಜೆ ಮುಗಿದ ದಿನ ನಾನು ಮಂಡಿಗೆ ರಜೆ ಹಾಕಿ ಬರುತ್ತೇನೆ. ಸಂಘಟನೆಯವರೂ ಬರುತ್ತಾರೆ. ಶಾಲೆಯ ಗೇಟಿನಲ್ಲಿ ಕೂರೋಣ. ಆಶ್ರಿತಾ ಹೊರಗೆ ಬಂದು ಎಲ್ಲರೆದುರು ಮಾತು ಹಿಂದೆ ತೆಗೆದುಕೊಳ್ಳಲಿ. ನಾನು ಬರೆದದ್ದಕ್ಕೂ ಪ್ರತಿ ಇಟ್ಟುಕೊಂಡಿದ್ದೆ, ನಮ್ಮಿಬ್ಬರ ಕಾಗದಗಳ ಜೆರಾಕ್ಸ್ ಇದರೊಂದಿಗಿದೆ. ಓದು. ಯಾರು ಏನೆಂದರು ಎಂದು ನಿನಗೆ ಪೂರ್ತಿ ಗೊತ್ತಿರಬೇಕು.

ಅತ್ತೆ,
ಮಾಲಿನಿ


ಹುಲಿಕೆರೆ
14 ಅಕ್ಟೋಬರ್ 2024

ಆಶ್ರಿತಾ ಮಿಸ್‌ಗೆ ಮತ್ತು ಮಾಲಿನಿ ಅತ್ತೆಗೆ,

ಇಬ್ಬರಿಗೂ ಬೇರೆ ಬೇರೆ ಬರೆಯುವಷ್ಟು ವಿಷಯ ಇಲ್ಲ. ಒಂದನ್ನೇ ಎರಡು ಸಲ ಬರೆದು ಕಳಿಸುತ್ತಿದ್ದೇನೆ.

ನಿಮ್ಮ ಕಾಗದಗಳನ್ನು ಓದಿದೆ. ಕೊತ್ತಂಬರಿ ಇದೆ, ಪುದೀನ ಇದೆ, ಮರುಗ ಇದೆ, ಗ್ರೀಕರು ಇದ್ದಾರೆ. ನಾನು ಎಲ್ಲೂ ಇಲ್ಲ. ನನ್ನ ಹೆಸರಿದೆ, ನಾನಿಲ್ಲ. ಇಷ್ಟು ಕಾಗದಗಳಲ್ಲಿ ಒಂದರಲ್ಲೂ ನಿಮ್ಮಲ್ಲಿ ಯಾರೂ ನಿನಗೆ ಏನು ಬೇಕು ಹೇಮಲತಾ ಎಂದು ಕೇಳಲಿಲ್ಲ.

ಅತ್ತೆ, ನನಗೆ ಅರಸನ ಗಿಡ ಆಗುವುದು ಬೇಡ. ನಾಯಿನೂ ಬೇಡ, ಅರಸನೂ ಬೇಡ. ನಿಮ್ಮ ಕರಪತ್ರವನ್ನು ನಮ್ಮ ತರಗತಿಯ ಹುಡುಗ ಒಬ್ಬ ಅಂಟು ಹಚ್ಚಿ ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ್ದಾನೆ. ನನಗೆ ಸಹಾಯ ಮಾಡಲು ಅಂಟಿಸಿದ್ದಲ್ಲ. ನೀವು ಗೇಟಿನ ಹತ್ತಿರ ಬರಬೇಡಿ. ಬಂದರೆ ನಾನು ವಾಪಸ್ಸು ಹೋಗುತ್ತೇನೆ, ಆಮೇಲೆ ಶಾಲೆಗೂ ಹೋಗುವುದಿಲ್ಲ, ನಿಮ್ಮ ಹತ್ತಿರ ಮಾತೂ ಆಡುವುದಿಲ್ಲ.

ಮಿಸ್, ನಾಯಿತುಳಸಿ ಎಂದರೆ ಏನು ಅರ್ಥ ಎಂದು ನಾನು ಕೇಳಿರಲಿಲ್ಲ. ಆ ಹೆಸರು ಪುಸ್ತಕದಲ್ಲಿದ್ದರೆ ಇರಲಿ. ಮಧುಕುಮಾರ್ ಹಾಗೆ ಹೇಳಿದಾಗ ನಾನು ಮೊದಲು ಅವನ ಕಡೆ ನೋಡಲಿಲ್ಲ, ನಿಮ್ಮ ಕಡೆ ನೋಡಿದೆ. ನೀವು ಅವನಿಗೆ ಹೊಡೆಯುತ್ತೀರಿ ಅಂದುಕೊಂಡಿದ್ದೆ. ನೀವು ನಕ್ಕಿರಿ. ನೆನಪಿಲ್ಲ ಎಂದು ಬರೆದಿದ್ದೀರಿ. ನನಗೆ ನೆನಪಿದೆ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಬೋರ್ಡಿನ ಕಡೆ ತಿರುಗಿಕೊಂಡಿರಿ. ಭುಜ ಅಲುಗುತ್ತಿತ್ತು.

ರಜೆ ಮುಗಿದ ದಿನ ನಾನು ಶಾಲೆಗೆ ಬರುತ್ತೇನೆ. ನನಗೆ ಎಸ್ಸೆಸ್ಸೆಲ್ಸಿ ಮಾಡಬೇಕು. ನೀವು ಗಿಡದ ಬಗ್ಗೆ ಏನೂ ಹೇಳಬೇಡಿ, ನನ್ನನ್ನು ಮುಂದಿನ ಬೆಂಚಿಗೆ ಕೂರಿಸಬೇಡಿ, ಚೆನ್ನಾಗಿ ನೋಡಿಕೊಳ್ಳುವುದೂ ಬೇಡ. ಆವತ್ತು ನಾನು ನಕ್ಕೆ, ನಗಬಾರದಿತ್ತು ಎಂದು ಹೇಳಿ ಹಾಜರಿ ಕೂಗಿ. ನೀವು ಹೇಳದಿದ್ದರೆ ನಾನು ಎದ್ದು ಹೇಳುತ್ತೇನೆ.

ಇಂತಿ,
ಹೇಮಲತಾ ಡಿ.
ಒಂಬತ್ತನೇ ತರಗತಿ


ಬೇಲೂರು
23 ಅಕ್ಟೋಬರ್ 2024

ಮಾಲಿನಿ,

ನೀನು ಗೇಟಿಗೆ ಬರಲಿಲ್ಲ. ಬರುತ್ತೀಯೆಂದು ಷಡಕ್ಷರಪ್ಪನವರು ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದರು.

ಅವಳು ಬಂದಳು. ತನ್ನ ಹಳೆಯ ಜಾಗದಲ್ಲೇ ಕುಳಿತಳು. ಹಿಂದಿನಿಂದ ಯಾರೋ ಸಣ್ಣಗೆ ಬೊಗಳಿದರು. ನಾನು ಹಾಜರಿ ಪುಸ್ತಕ ತೆರೆದೆ. ಹೇಳಬೇಕೆಂದು ರಾತ್ರಿಯೆಲ್ಲ ತಯಾರಾಗಿದ್ದೆ. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಹೇಳಿಕೊಂಡೂ ನೋಡಿದ್ದೆ. ಆ ಮುಖಗಳನ್ನು ಕಂಡಾಗ ಬಾಯಿ ಬರಲಿಲ್ಲ. ಮೊದಲಿಂದ ಹೆಸರು ಕೂಗುತ್ತಾ ಬಂದೆ. ಅವಳ ಹೆಸರು ಕೂಗಿದೆ.

ಅವಳು ಎದ್ದು ನಿಂತಳು. ಹಾಜರ್ ಎನ್ನಲಿಲ್ಲ. "ಮಿಸ್, ಆವತ್ತು ಮಧುಕುಮಾರ್ ನಮ್ಮ ಕೇರಿ ಬಗ್ಗೆ ಅಂದಾಗ ನೀವು ನಕ್ಕಿರಿ" ಎಂದಳು. ಧ್ವನಿ ಏರಿಸಲಿಲ್ಲ. ಹೋಮ್‌ವರ್ಕ್ ಕೊಟ್ಟಿದ್ದಿರಿ ಎನ್ನುವ ಹಾಗೆ ಹೇಳಿದಳು. ಮಧುಕುಮಾರ್ ತಲೆ ತಗ್ಗಿಸಿ ಡೆಸ್ಕು ಕೆರೆಯುತ್ತಿದ್ದ.

ನನಗೆ ಎಷ್ಟೋ ಮಾತು ಬಂದವು ಕಣೇ. ಎಲ್ಲವೂ ಸರಿಯಾದ ಮಾತುಗಳೇ, ಎಲ್ಲದಕ್ಕೂ ಆಧಾರ ಕೊಡಬಲ್ಲೆ. ಒಂದನ್ನೂ ಆಡಲಿಲ್ಲ. ಹೌದು, ನಕ್ಕೆ, ಅದು ತಪ್ಪು ಎಂದೆ. ಅವಳು ಇನ್ನೂ ನಿಂತೇ ಇದ್ದಳು. ಮುಂದಿನ ಹೆಸರು ಕೂಗುವ ಮುಂಚೆ ಮಧುಕುಮಾರನನ್ನು ಎಬ್ಬಿಸಿ, ನೀನೂ ಹೇಳು ಎಂದೆ. ಅವನು ಗೊಣಗಿದ. ಕೇಳಿಸುವ ಹಾಗೆ ಹೇಳು ಎಂದೆ. ಹೇಳಿದ. ಆಮೇಲೆ ಅವಳು ಕುಳಿತಳು.

ಷಡಕ್ಷರಪ್ಪನವರು ಮಧ್ಯಾಹ್ನ ನನ್ನನ್ನು ಕರೆಸಿದರು. ಅದರ ಫಲ ಬರುವ ತಿಂಗಳು ಗೊತ್ತಾಗುತ್ತದೆ. ಅಪ್ಪನಿಗೆ ಹೇಳಿದ್ದೇನೆ.

ಸಂಜೆ ಗಂಟೆ ಹೊಡೆದ ಮೇಲೆ ಅವಳನ್ನು ಒಂದು ನಿಮಿಷ ನಿಲ್ಲು ಎಂದೆ. ಏನು ಹೇಳಬೇಕೆಂದಿದ್ದೆನೋ ನನಗೇ ಗೊತ್ತಿಲ್ಲ. ತಲೆ ಸವರಬೇಕು ಅನ್ನಿಸಿರಬೇಕು, ಕೈ ಎತ್ತಿದ್ದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಬಸ್ಸು ಹೊಂಟೋಯ್ತದೆ ಮಿಸ್" ಎಂದು ಬ್ಯಾಗು ಹೆಗಲಿಗೇರಿಸಿ ಹೊರಟುಹೋದಳು.

ಆಶ್ರಿತಾ